ಸೆಕೆಂಡ್ ಐಡಿ, ಸಮಬಲದ ಟೀಮ್: ಹಾಸನದ ನಮ್ಮ ಸರ್ವರ್‌ನ ಕೆಲಸದ ಲಾಗ್

ಲುವಾಂಟಿ ಅಂತ ಒಂದು ಬ್ಲಾಕ್ ಆಟ ಇದೆ. 2024ರ ಅಕ್ಟೋಬರ್‌ವರೆಗೆ ಅದರ ಹೆಸರು ಮೈನ್‌ಟೆಸ್ಟ್. ಪೂರ್ತಿ ಓಪನ್ ಸೋರ್ಸ್, ಹಳೆ ಫೋನಿನಲ್ಲೂ ಓಡುತ್ತದೆ, ಲುವಾ ಭಾಷೆ ಸ್ವಲ್ಪ ಬಂದರೆ ಸಾಕು, ನಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದು. ಅದರಲ್ಲಿ ಎದುರಾಳಿಯ ಬಾವುಟ ಕದ್ದು ತರುವ ಟೀಮ್ ಆಟಕ್ಕೆ ನಾವು ಕೆಲವರು ಸೇರಿ ಒಂದು ಸರ್ವರ್ ನಡೆಸುತ್ತಿದ್ದೇವೆ. ಆಡಲು ಬರುವವರಲ್ಲಿ ಹೆಚ್ಚಿನವರು ಹಾಸನ, ಸಕಲೇಶಪುರ, ಬೇಲೂರು, ಅರಕಲಗೂಡು ಕಡೆಯ ಹುಡುಗ ಹುಡುಗಿಯರು, ಮೂಡಿಗೆರೆ ಕಡೆಯಿಂದಲೂ ಒಂದಷ್ಟು ಜನ. ಸರ್ವರ್ ಇರುವುದು ಮುಂಬೈನ ಬಾಡಿಗೆ ಯಂತ್ರದಲ್ಲಿ. ಪರೀಕ್ಷೆಗೆಲ್ಲ ವಿದ್ಯಾನಗರದ ಮನೆಯಲ್ಲಿರುವ ಹಳೆ ಲ್ಯಾಪ್‌ಟಾಪ್ ಸಾಕು. ಅದರ ಬ್ಯಾಟರಿ ಇನ್ನೂ ಚೆನ್ನಾಗಿದೆ, ಕರೆಂಟ್ ಹೋದರೂ ಓಡುತ್ತಿರುತ್ತದೆ.

ಸಮಸ್ಯೆ ಇಷ್ಟೇ. ತುಂಬ ಚೆನ್ನಾಗಿ ಆಡುವ ಒಬ್ಬ ಹೊಸ ಹೆಸರಲ್ಲಿ ಇನ್ನೊಂದು ಐಡಿ ಮಾಡಿಕೊಂಡು ಬರುತ್ತಾನೆ. ಸರ್ವರ್ ಅವನನ್ನು ಹೊಸಬ ಅಂತ ತಿಳಿದು ಹೊಸಬರ ಜೊತೆಗೆ ಹಾಕುತ್ತದೆ. ನಿಜವಾದ ಹೊಸಬರು ಬಾವುಟದ ಹತ್ತಿರವೂ ಹೋಗಲಾಗದೆ ಎರಡು ಮೂರು ಆಟ ಸೋತು, ಸುಮ್ನೆ ಆಟ ಮುಚ್ಚಿ ಹೋಗುತ್ತಾರೆ. ಅವರಲ್ಲಿ ಅರ್ಧ ಜನ ಮತ್ತೆ ಬರುವುದೇ ಇಲ್ಲ. ಈ ಸರ್ವರ್ ಇರುವುದೇ ಅವರಿಗೋಸ್ಕರ, ಅದಕ್ಕೇ ನನಗೆ ಇದು ಸಣ್ಣ ವಿಷಯ ಅನ್ನಿಸಲಿಲ್ಲ.

ಈ ಕಾಯಿಲೆ ಹಳೆಯದು. 1990ರ ದಶಕದಲ್ಲಿ ವಾರ್‌ಕ್ರಾಫ್ಟ್ 2 ಅನ್ನುವ ಕಂಪ್ಯೂಟರ್ ಆಟ ಆಡುವಾಗ ಹೆಸರಾದ ಆಟಗಾರರು ತಮ್ಮ ಹೆಸರು ಕಂಡರೆ ಯಾರೂ ಎದುರು ಬರುವುದಿಲ್ಲ ಅಂತ ಸ್ಮರ್ಫ್ ಕಾರ್ಟೂನಿನ ಹೆಸರಿಟ್ಟುಕೊಂಡು ಬರುತ್ತಿದ್ದರು, ಹೀಗೆ ಹೆಸರು ಮರೆಸಿ ಬರುವವರಿಗೆ ಸ್ಮರ್ಫ್ ಅನ್ನುವ ಮಾತು ಅಲ್ಲಿಂದ ಉಳಿಯಿತು. ಡೋಟಾ 2 ಅನ್ನುವ ಆನ್‌ಲೈನ್ ಟೀಮ್ ಆಟ ನಡೆಸುವ ವಾಲ್ವ್ ಕಂಪನಿ 2023ರ ಸೆಪ್ಟೆಂಬರ್‌ನಲ್ಲಿ ಇಂಥ 90,000 ಐಡಿಗಳನ್ನು ಒಟ್ಟಿಗೆ ತೆಗೆದುಹಾಕಿತು. ಅದಕ್ಕೂ ಮೊದಲೇ, 2017ರಿಂದ, ರ‍್ಯಾಂಕ್ ಆಟಕ್ಕೆ ಫೋನ್ ನಂಬರ್ ಕೊಡಲೇಬೇಕು ಅನ್ನುವ ನಿಯಮ ಅಲ್ಲಿತ್ತು, ಆದರೂ ಈ ಗತಿ. ನಮ್ಮಲ್ಲಿ ಫೋನ್ ನಂಬರೂ ಇಲ್ಲ, ಇಮೇಲೂ ಇಲ್ಲ. ಲುವಾಂಟಿಗೆ ಹೆಸರು, ಪಾಸ್‌ವರ್ಡ್ ಎರಡೇ ಸಾಕು. ಮಕ್ಕಳ ಫೋನ್ ನಂಬರ್ ಕೇಳಲು ನನಗೆ ಮನಸ್ಸೂ ಇಲ್ಲ.

ಮೊದಲು ಐಪಿ ವಿಷಯ

ಹಳೆ ವ್ಯವಸ್ಥೆ ಐಪಿ, ಅಂದರೆ ಇಂಟರ್ನೆಟ್ಟಿನಲ್ಲಿ ಸಂಪರ್ಕದ ವಿಳಾಸ, ಒಂದೇ ಇದ್ದರೆ ಒಬ್ಬನೇ ಅನ್ನುತ್ತಿತ್ತು. ಒಂದು ಐಡಿ ಬ್ಯಾನ್ ಆದರೆ ಅದೇ ಐಪಿಯ ಎಲ್ಲ ಐಡಿಗಳೂ ಬ್ಯಾನ್. ಇದು ನಮ್ಮ ಕಡೆ ಏಕೆ ನಡೆಯುವುದಿಲ್ಲ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮೊಬೈಲ್ ಡೇಟಾದಲ್ಲಿ ಐಪಿವಿ4, ಅಂದರೆ ಹಳೆ ಮಾದರಿಯ ಐಪಿ ವಿಳಾಸ, ಒಬ್ಬೊಬ್ಬರಿಗೆ ಒಂದೊಂದು ಸಿಗುವುದಿಲ್ಲ. ಕಂಪನಿ ತನ್ನ ಒಳಗಡೆ ಗ್ರಾಹಕರಿಗೆ ಬೇರೆ ವಿಳಾಸ ಕೊಟ್ಟು, ಹೊರಗೆ ಬರುವಾಗ ನೂರಾರು ಜನರನ್ನು ಒಂದೇ ವಿಳಾಸದಲ್ಲಿ ಕಳಿಸುತ್ತದೆ. ಇದನ್ನು ಸಿಜಿನ್ಯಾಟ್ ಅನ್ನುತ್ತಾರೆ. ಈ ಒಳಗಿನ ಬಳಕೆಗೆ ಅಂತಲೇ 2012ರಲ್ಲಿ 100.64ರಿಂದ ಶುರುವಾಗುವ ಸುಮಾರು 42 ಲಕ್ಷ ವಿಳಾಸಗಳನ್ನು ಎತ್ತಿಟ್ಟಿದ್ದಾರೆ. ನಮ್ಮ ಸರ್ವರ್‌ಗೆ ಕಾಣುವುದು ಹೊರಗಿನ ಆ ಒಂದು ವಿಳಾಸ ಮಾತ್ರ. ಬೇಲೂರಿನ ಒಬ್ಬಳು, ಚನ್ನರಾಯಪಟ್ಟಣದ ಇನ್ನೊಬ್ಬ, ಒಬ್ಬರಿಗೊಬ್ಬರು ಗೊತ್ತೇ ಇಲ್ಲದವರು, ಒಂದೇ ಐಪಿಯಲ್ಲಿ ಬರಬಹುದು. ಜೊತೆಗೆ ಪಿಜಿ ಮನೆಗಳಿವೆ. ಎಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತ ಒಂದೊಂದು ಪಿಜಿಯಲ್ಲೂ ಒಂದೇ ವೈಫೈ, ಅದರಲ್ಲಿ ಇಡೀ ಮಹಡಿ ಆಡುತ್ತಿರುತ್ತದೆ.

ಹೊಸ ಮಾದರಿಯ ವಿಳಾಸ ಐಪಿವಿ6 ಇದಕ್ಕಿಂತ ಚೆನ್ನಾಗಿದೆ. ಅದರಲ್ಲಿ ಸಾಮಾನ್ಯವಾಗಿ ಒಂದು ಸಂಪರ್ಕಕ್ಕೆ ವಿಳಾಸದ ಮೊದಲ 64 ಬಿಟ್ ಬೇರೆಯೇ ಸಿಗುತ್ತದೆ, ಉಳಿದ 64 ಬಿಟ್‌ಗಳನ್ನು ಫೋನೇ ಗುಟ್ಟಿಗೋಸ್ಕರ ಆಗಾಗ ಬದಲಾಯಿಸಿಕೊಳ್ಳುತ್ತದೆ. ಹಾಗಾಗಿ ಸರ್ವರ್‌ನಲ್ಲಿ ಐಪಿವಿ6 ಆನ್ ಮಾಡಿ, ಮೊದಲರ್ಧ ಮಾತ್ರ ಇಟ್ಟುಕೊಂಡು ಉಳಿದದ್ದು ಕತ್ತರಿಸಿದೆ. ಮೊದಲ ಹೆಜ್ಜೆ ಇದು. ಬರೀ ಇದರಿಂದಲೇ ಸುಳ್ಳು ಹೊಂದಾಣಿಕೆ ಎಷ್ಟೋ ಇಳಿಯಿತು.

ವಿಳಾಸವನ್ನು ಹಾಗೇ ಬರೆದಿಡುವುದಿಲ್ಲ. ಬರೀ ಹ್ಯಾಶ್ ಮಾಡಿಟ್ಟರೆ, ಅಂದರೆ ತಿರುಗಿಸಿ ಓದಲಾಗದ ಸಂಕೇತವಾಗಿ ಬದಲಿಸಿಟ್ಟರೆ, ಸಾಲದು ಅನ್ನುವುದನ್ನು ಸರ್ವರ್ ನಡೆಸುವವರೆಲ್ಲ ಗಮನಿಸಬೇಕು. ಐಪಿವಿ4ರಲ್ಲಿ ಒಟ್ಟು ಇರುವುದೇ ಸುಮಾರು 430 ಕೋಟಿ ವಿಳಾಸ, ಎಲ್ಲದರ ಹ್ಯಾಶ್ ಲೆಕ್ಕ ಹಾಕಿ ತಾಳೆ ನೋಡುವುದು ಈಗಿನ ಕಂಪ್ಯೂಟರಿಗೆ ದೊಡ್ಡ ಕೆಲಸವಲ್ಲ. ಅದಕ್ಕೆ ಗುಟ್ಟಿನ ಕೀಲಿ ಸೇರಿಸಿ ಹ್ಯಾಶ್ ಮಾಡುವ ಎಚ್‌ಮ್ಯಾಕ್ ಬಳಸಿದೆ. ಆ ಕೀಲಿಯನ್ನು ತಿಂಗಳಿಗೊಮ್ಮೆ ಅಳಿಸಿ ಹೊಸದು ಮಾಡುತ್ತೇನೆ. ಹಳೆ ಕೀಲಿ ಹೋದ ಮೇಲೆ ಹಳೆ ದಾಖಲೆಯಿಂದ ವಿಳಾಸ ತೆಗೆಯಲು ನನಗೂ ಆಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ನಮ್ಮಲ್ಲಿ ಆಡುವವರು ಹೆಚ್ಚಾಗಿ ಅವರೇ. ಕಾಯ್ದೆ ಇರಲಿ ಬಿಡಲಿ, ಮಕ್ಕಳು ಎಲ್ಲಿಂದ ಆಡುತ್ತಾರೆ ಅನ್ನುವ ಪಟ್ಟಿ ನನ್ನ ಹತ್ತಿರ ಇರಬಾರದು.

ಸಾಕ್ಷಿಗೆ ತೂಕ ಹಾಕುವುದು

ಐಪಿ ಒಂದೇ ನಂಬಿದರೆ ಆಗದು ಅಂದಮೇಲೆ ಬೇರೆ ಬೇರೆ ಸುಳಿವು ಸೇರಿಸಬೇಕು. ಎಷ್ಟು ಸೇರಿಸಬೇಕು, ಯಾವುದಕ್ಕೆ ಎಷ್ಟು ಬೆಲೆ? ಇದಕ್ಕೆ ಒಳ್ಳೆಯ ದಾರಿ 1969ರಲ್ಲೇ ಸಿಕ್ಕಿದೆ. ಫೆಲೆಗಿ ಮತ್ತು ಸಂಟರ್ ಅನ್ನುವ ಇಬ್ಬರು ಸಂಖ್ಯಾಶಾಸ್ತ್ರಜ್ಞರು, ಎರಡು ಪಟ್ಟಿಗಳಲ್ಲಿರುವ ದಾಖಲೆಗಳು ಒಬ್ಬರದೇ ಹೌದೋ ಅಲ್ಲವೋ ಅಂತ ಹೊಂದಿಸಲು ಕೊಟ್ಟ ವಿಧಾನ ಅದು. ಜನಗಣತಿಯಂಥ ಕೆಲಸಕ್ಕೆ ಬಳಸುವುದು ನಮ್ಮ ಆಟಕ್ಕೂ ಹಾಗೇ ಒಗ್ಗುತ್ತದೆ.

ಪ್ರತಿ ಸುಳಿವಿಗೆ ಎರಡು ಪ್ರಶ್ನೆ. ಒಬ್ಬನೇ ಆಗಿದ್ದರೆ ಈ ಸುಳಿವು ಎಷ್ಟು ಸಲ ಹೊಂದುತ್ತದೆ? ಬೇರೆ ಬೇರೆ ಜನ ಆಗಿದ್ದರೂ ಸುಮ್ನೆ ಎಷ್ಟು ಸಲ ಹೊಂದಿಬಿಡುತ್ತದೆ? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಎರಡರ ಆಧಾರದ ಲಾಗರಿದಂ ತೆಗೆದರೆ ಬರುವುದು ತೂಕ. ಅದನ್ನು ಬಿಟ್ ಅಂತ ಕರೆಯೋಣ. ಎಲ್ಲ ಸುಳಿವಿನ ಬಿಟ್‌ಗಳನ್ನು ಕೂಡಿಸಿದರೆ ಆಯಿತು.

ಸ್ಕ್ರೀನ್ ಅಳತೆ ತೆಗೆದುಕೊಳ್ಳಿ. ಲುವಾಂಟಿಯ 5.7 ಆವೃತ್ತಿಯಿಂದ ಈಚೆಗೆ ಆಟದ ಕಿಟಕಿಯ ಅಳತೆ ಸರ್ವರ್‌ಗೆ ಗೊತ್ತಾಗುತ್ತದೆ. ಒಬ್ಬನೇ ಆಡಿದರೆ 80% ಸಲ ಒಂದೇ ಅಳತೆ ಇರುತ್ತದೆ ಅಂತಿಟ್ಟುಕೊಳ್ಳಿ. 1600ಕ್ಕೆ 720 ಅನ್ನುವುದು ಕಡಿಮೆ ಬೆಲೆಯ ಫೋನ್‌ಗಳ ಸಾಮಾನ್ಯ ಅಳತೆ, ಯಾವ ಇಬ್ಬರನ್ನು ತೆಗೆದರೂ 20% ಸಲ ಹೊಂದಬಹುದು. 80ನ್ನು 20ರಿಂದ ಭಾಗಿಸಿದರೆ 4, ಅಂದರೆ 2 ಬಿಟ್ ಅಷ್ಟೇ. ಆದರೆ ಯಾರೋ ಒಬ್ಬರು ಕಿಟಕಿಯನ್ನು ಎಳೆದು ವಿಚಿತ್ರ ಅಳತೆಗೆ ಇಟ್ಟುಕೊಂಡಿದ್ದು, ಅದು ಬೇರೆಯವರಲ್ಲಿ 1% ಮಾತ್ರ ಸಿಗುವಂತಿದ್ದರೆ, 80 ಭಾಗ 1, ಸುಮಾರು 6.3 ಬಿಟ್. ಸುಳಿವು ಅದೇ, ಎಷ್ಟು ಅಪರೂಪ ಅನ್ನುವುದರ ಮೇಲೆ ಬೆಲೆ ಬದಲಾಯಿತು.

ಈಗ ಮುಖ್ಯವಾದದ್ದು. ನಮ್ಮಲ್ಲಿ 200 ಐಡಿ ಇವೆ ಅಂದರೆ ಜೋಡಿಗಳು 19,900. ಅದರಲ್ಲಿ ನಿಜವಾಗಿ ಒಬ್ಬರದೇ ಆದ ಜೋಡಿ 30 ಇದ್ದಾವು ಅಂತ ಹಿಡಿದರೆ, ಕಣ್ಣು ಮುಚ್ಚಿ ಒಂದು ಜೋಡಿ ಎತ್ತಿದಾಗ ಅದು ನಿಜವಾಗುವ ಸಾಧ್ಯತೆ 660ಕ್ಕೆ ಒಂದು. ಬಿಟ್ ಲೆಕ್ಕದಲ್ಲಿ ನಾವು ಶುರು ಮಾಡುವುದೇ ಮೈನಸ್ 9.4ರಿಂದ. ಐಪಿ, ಸ್ಕ್ರೀನ್, ಸಮಯ ಎಲ್ಲ ಸೇರಿ 9.4 ಬಿಟ್ ಬಂದರೂ ಅದು ಇನ್ನೂ ಅರ್ಧಕ್ಕರ್ಧ. ಹತ್ತು ಸಲ ಸರಿ, ಒಂದು ಸಲ ತಪ್ಪು ಅನ್ನುವಷ್ಟು ಗಟ್ಟಿಯಾಗಲು 12.7 ಬಿಟ್ ಬೇಕು. 'ಅದೇ ಫೋನು, ಅದೇ ವೈಫೈ, ಇನ್ನೇನು ಬೇಕು' ಅಂತ ಬ್ಯಾನ್ ಒತ್ತುವ ಅಡ್ಮಿನ್‌ಗಳು ಈ ಮೈನಸ್ 9.4ನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಿಕ್ಕಿಬೀಳುವುದು ಅಣ್ಣ ತಮ್ಮ, ಅಕ್ಕ ತಂಗಿ, ಪಿಜಿಯ ರೂಂಮೇಟ್‌ಗಳು.

ಇದನ್ನು ನೇರ ಆನ್ ಮಾಡಲಿಲ್ಲ. ಹಳೆ ಲಾಗ್ ಮೇಲೆ ಲ್ಯಾಪ್‌ಟಾಪ್‌ನಲ್ಲಿ ಓಡಿಸಿ ನೋಡಿದೆ, ಡೇಟಾ ಇಡುವ ಎಸ್‌ಕ್ಯೂಲೈಟ್ ಫೈಲ್ ಒಂದು, ಲುವಾ ಸ್ಕ್ರಿಪ್ಟ್ ಒಂದು. ಆಗ ಎರಡು ವಿಷಯ ಹೊರಬಂದವು.

ಒಂದು, ಸಕಲೇಶಪುರದ ಮಳೆ. ಒಂದು ಐಡಿ ಹೊರಗೆ ಹೋದ ಕೂಡಲೇ ಇನ್ನೊಂದು ಒಳಗೆ ಬಂದರೆ ಅದು ಒಳ್ಳೆ ಸುಳಿವು, ಒಬ್ಬನೇ ಐಡಿ ಬದಲಿಸಿ ಬಂದಿರಬಹುದು ಅಲ್ವಾ. ಆದರೆ ಜುಲೈ ತಿಂಗಳ ಲಾಗ್‌ನಲ್ಲಿ ಘಾಟಿ ಕಡೆಯ ಐಡಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಮರ ಬಿದ್ದು ಕರೆಂಟ್ ಹೋದರೆ ಅಲ್ಲಿನ ವೈಫೈ ಎಲ್ಲ ಒಂದೇ ಸಲ ಸಾಯುತ್ತದೆ. ಎಲ್ಲರೂ ಒಂದೇ ನಿಮಿಷ ಹೊರಗೆ, ಬಂದ ಮೇಲೆ ಎಲ್ಲರೂ ಒಂದೇ ನಿಮಿಷ ಒಳಗೆ. ಮುಂಗಾರು ಜೋರಾದಷ್ಟೂ ನನ್ನ ಪ್ರೋಗ್ರಾಂಗೆ ಅನುಮಾನ ಜಾಸ್ತಿ. ಇದಕ್ಕೆ ಬೇರೆ ನಿಯಮ ಬರೆಯಬೇಕಾಗಲಿಲ್ಲ, ಮೇಲಿನ ಎರಡನೇ ಪ್ರಶ್ನೆಯಲ್ಲೇ ಉತ್ತರವಿದೆ. ಆ ನಿಮಿಷದಲ್ಲಿ ಆಡುತ್ತಿದ್ದ 30 ಜನರಲ್ಲಿ 12 ಜನ ಒಟ್ಟಿಗೆ ಹೋಗಿದ್ದಾರೆ ಅಂದರೆ ಸುಮ್ನೆ ಹೊಂದುವ ಸಾಧ್ಯತೆ 40%, ಹಾಗಾಗಿ ಆ ನಿಮಿಷದ ಸಾಕ್ಷಿಗೆ ಬೆಲೆ ತೀರಾ ಕಮ್ಮಿ. ಎರಡನೇ ಸಂಖ್ಯೆಯನ್ನು ವರ್ಷಕ್ಕೊಂದು ಸರಾಸರಿ ಅಂತ ಇಡದೆ ನಿಮಿಷ ನಿಮಿಷಕ್ಕೂ ಲೆಕ್ಕ ಹಾಕಿಸಿದೆ. ಮಳೆಗಾಲದ ಅಂಟು ಅಲ್ಲಿಗೆ ಬಿಟ್ಟಿತು.

ಇನ್ನೊಂದು ಸರಪಳಿ. ಅ ಮತ್ತು ಬ ಒಂದೇ ಅನ್ನಿಸುತ್ತದೆ, ಬ ಮತ್ತು ಕ ಒಂದೇ ಅನ್ನಿಸುತ್ತದೆ, ಹಾಗಾದರೆ ಅ ಮತ್ತು ಕ ಒಂದೇ ಅಂತ ಜೋಡಿಸುತ್ತಾ ಹೋದರೆ ಪಿಜಿಯ ಇಡೀ ಮಹಡಿ ಒಬ್ಬನೇ ಮನುಷ್ಯ ಆಗುತ್ತದೆ. ಅದಕ್ಕೆ ಗುಂಪಿಗೆ ಹೊಸ ಐಡಿ ಸೇರಬೇಕಾದರೆ ಗುಂಪಿನ ಪ್ರತಿಯೊಂದು ಐಡಿ ಜೊತೆಗೂ ಸಾಕ್ಷಿ ಬೇಕು ಅಂತ ಮಾಡಿದೆ. ಗುಂಪುಗಳು ಸಣ್ಣದಾದವು. ಕೆಲವು ನಿಜವಾದ ಸೆಕೆಂಡ್ ಐಡಿಗಳು ತಪ್ಪಿಸಿಕೊಂಡಿರುತ್ತವೆ, ಪರವಾಗಿಲ್ಲ.

ವಿರುದ್ಧ ಸಾಕ್ಷಿಯನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ, ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಗಟ್ಟಿ. ಎರಡು ಐಡಿಗಳು ಒಂದೇ ಆಟದಲ್ಲಿ, ಒಂದೇ ಐದು ಸೆಕೆಂಡಿನೊಳಗೆ, ಎರಡೂ ಬೇರೆ ಬೇರೆ ಕಡೆ ಯಾರಿಗಾದರೂ ಹೊಡೆದಿವೆ ಅಂದರೆ ಅವರು ಇಬ್ಬರು. ಬರೀ ಇಬ್ಬರೂ ಆನ್‌ಲೈನ್ ಇದ್ದರು ಅಂದರೆ ಸಾಲದು, ಎರಡನೇ ಫೋನನ್ನು ಮೂಲೆಯಲ್ಲಿ ಸುಮ್ನೆ ನಿಲ್ಲಿಸಿರಬಹುದು. ಇಬ್ಬರೂ ಕೈಯಾಡಿಸಿರಬೇಕು. ಇಂಥದ್ದು ನಾಲ್ಕಾರು ಸಲ ಕಂಡರೆ ದೊಡ್ಡ ಮೈನಸ್ ತೂಕ ಬಿದ್ದು ಆ ಜೋಡಿ ಬಿಟ್ಟುಹೋಗುತ್ತದೆ. ರೂಂಮೇಟ್‌ಗಳನ್ನು ಉಳಿಸಿದ್ದು ಇದೇ. ಮನೆಯಲ್ಲಿ ಒಂದೇ ಫೋನ್ ಇರುವ ಅಣ್ಣ ತಂಗಿಯನ್ನು ಮಾತ್ರ ಇದು ಉಳಿಸಲಾರದು, ಅವರು ಎಂದೂ ಒಟ್ಟಿಗೆ ಆಡುವುದಿಲ್ಲವಲ್ಲ.

ಅವರಿಗೋಸ್ಕರ ಆಡುವ ರೀತಿ ನೋಡಬೇಕಾಯಿತು. ಮೌಸ್ ಹೇಗೆ ಓಡುತ್ತದೆ ಅಂತ ಅಳೆಯುವ ದೊಡ್ಡ ದೊಡ್ಡ ವಿಧಾನಗಳಿವೆ, ಆದರೆ ಲುವಾಂಟಿ ಸರ್ವರ್‌ನ ಹೆಜ್ಜೆ ಮಾಮೂಲಿಗೆ 0.09 ಸೆಕೆಂಡ್, ಅಂದರೆ ಸೆಕೆಂಡಿಗೆ ಹನ್ನೊಂದು ಸಲ ಮಾತ್ರ ನೋಡಲು ಸಿಗುತ್ತದೆ. ಅಷ್ಟರಲ್ಲಿ ಕೈಯ ನಡುಕ ಕಾಣುವುದಿಲ್ಲ. ಸಿಕ್ಕಿದ್ದರಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಹಾಟ್‌ಬಾರ್. ಕೆಳಗಿನ ಎಂಟು ಖಾನೆಗಳಲ್ಲಿ ಕತ್ತಿ ಎಲ್ಲಿ, ಗುದ್ದಲಿ ಎಲ್ಲಿ, ತಿನ್ನುವುದು ಎಲ್ಲಿ ಅಂತ ಪ್ರತಿಯೊಬ್ಬರಿಗೂ ಒಂದು ಅಭ್ಯಾಸ ಇರುತ್ತದೆ, ಹೆಸರು ಬದಲಾಯಿಸಿದರೂ ಬೆರಳು ಅದನ್ನು ಬಿಡುವುದಿಲ್ಲ. ಆಟ ಶುರುವಾದ ಮೊದಲ ಇಪ್ಪತ್ತು ಸೆಕೆಂಡ್ ಎಡಕ್ಕೆ ಓಡುತ್ತಾರಾ, ಬಲಕ್ಕಾ, ನೇರ ಬಾವುಟಕ್ಕಾ ಅನ್ನುವುದೂ ಸ್ವಲ್ಪ ಸಹಾಯ ಮಾಡಿತು. ಚಾಟ್ ಓದಬಹುದಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ರೀತಿ ಒಬ್ಬೊಬ್ಬರದು ಒಂದೊಂದು ತರ, ತುಂಬ ಗಟ್ಟಿ ಸುಳಿವು. ಆದರೂ ಮಕ್ಕಳ ಮಾತನ್ನು ಯಂತ್ರಕ್ಕೆ ಹಾಕಿ ಜರಡಿ ಹಿಡಿಯುವುದು ಬೇಡ ಅಂತ ನಾವೆಲ್ಲ ಸೇರಿ ತೀರ್ಮಾನ ಮಾಡಿದೆವು.

ರೇಟಿಂಗ್

ಟೀಮ್ ಸಮ ಮಾಡಬೇಕಾದರೆ ಒಬ್ಬೊಬ್ಬರ ಬಲವನ್ನು ಸಂಖ್ಯೆಯಲ್ಲಿ ಅಳೆಯಬೇಕು, ಅದೇ ರೇಟಿಂಗ್. ಚೆಸ್ ಆಡುವವರಿಗೆ ಎಲೋ ರೇಟಿಂಗ್ ಗೊತ್ತು. ಅರ್ಪಾಡ್ ಎಲೋ ಅನ್ನುವ ಭೌತಶಾಸ್ತ್ರದ ಪ್ರೊಫೆಸರ್ ಮಾಡಿದ್ದು, ಅಮೆರಿಕದ ಚೆಸ್ ಸಂಸ್ಥೆ 1960ರಲ್ಲಿ, ಜಾಗತಿಕ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ತೆಗೆದುಕೊಂಡವು. ಇಬ್ಬರ ನಡುವೆ 200 ಅಂಕ ಅಂತರ ಇದ್ದರೆ ಮೇಲಿನವನಿಗೆ ಸರಾಸರಿ 76% ಅಂಕ ಬರಬೇಕು, 400 ಇದ್ದರೆ 91%. ಅದರಲ್ಲಿ ಒಂದೇ ಸಂಖ್ಯೆ, ಆ ಸಂಖ್ಯೆಯನ್ನು ಎಷ್ಟು ನಂಬಬಹುದು ಅನ್ನುವುದಿಲ್ಲ. 1995ರಲ್ಲಿ ಮಾರ್ಕ್ ಗ್ಲಿಕ್‌ಮನ್ ತಮ್ಮ ಗ್ಲಿಕೋ ಅನ್ನುವ ವಿಧಾನದಲ್ಲಿ ಎರಡನೇ ಸಂಖ್ಯೆ ಸೇರಿಸಿದರು: ಅಂದಾಜು ಎಷ್ಟು ಅಲುಗಾಡುತ್ತದೆ ಅನ್ನುವುದು. ಟೀಮ್ ಆಟಕ್ಕೆ ಮೈಕ್ರೋಸಾಫ್ಟ್ ಸಂಶೋಧಕರು ಟ್ರೂಸ್ಕಿಲ್ ಮಾಡಿದರು. ಅದು ಪೇಟೆಂಟ್ ಆದದ್ದು. ಹಾಗಾಗಿ ನಾನು 2011ರ ವೆಂಗ್ ಮತ್ತು ಲಿನ್ ಅವರ ವಿಧಾನ ತೆಗೆದುಕೊಂಡೆ. ಲೆಕ್ಕವೂ ಸುಲಭ, ಲುವಾದಲ್ಲಿ ನೂರು ಸಾಲಿನೊಳಗೆ ಮುಗಿಯುತ್ತದೆ. ಇಲ್ಲಿ ಹೊಸಬರ ಬಲ 25, ಅಲುಗಾಟ 8.33.

ಸ್ಮರ್ಫ್ ಸಮಸ್ಯೆ ಟೀಮ್ ಆಟದಲ್ಲಿ ಏಕೆ ಇಷ್ಟು ಕೆಟ್ಟದ್ದು ಅನ್ನುವುದು ಟ್ರೂಸ್ಕಿಲ್ ಮಾಡಿದವರೇ ಕೊಟ್ಟ ಲೆಕ್ಕದಲ್ಲಿ ಕಾಣುತ್ತದೆ. ಒಬ್ಬರಿಗೊಬ್ಬರು ಆಡಿದರೆ ಒಬ್ಬನ ಮಟ್ಟ ತಿಳಿಯಲು 12 ಆಟ ಸಾಕು. ನಾಲ್ವರಿಗೆ ನಾಲ್ವರು ಆದರೆ 46 ಆಟ, ಎಂಟಕ್ಕೆ ಎಂಟು ಆದರೆ 91. ಗೆಲುವು ಇಡೀ ಟೀಮಿನದು, ಯಾರಿಂದ ಬಂತು ಅಂತ ಗೊತ್ತಾಗುವುದಿಲ್ಲ. ಅಂದರೆ ಹೊಸ ಐಡಿಯಲ್ಲಿ ಬಂದವನು ತನ್ನ ನಿಜವಾದ ಜಾಗ ತಲುಪುವ ಹೊತ್ತಿಗೆ ಹತ್ತಾರು ಆಟ ಕೆಡಿಸಿರುತ್ತಾನೆ, ಆಮೇಲೆ ಇನ್ನೊಂದು ಐಡಿ.

ಒಂದು ಆಟ ಎಷ್ಟು ಕೆಡುತ್ತದೆ? ಐವರಿಗೆ ಐವರು, ಎಲ್ಲರ ಅಲುಗಾಟ 2 ಅಂತಿಟ್ಟುಕೊಂಡು, ಟ್ರೂಸ್ಕಿಲ್‌ನ ಮಾಮೂಲಿ ಸಂಖ್ಯೆಗಳಲ್ಲೇ ಲೆಕ್ಕ ಹಾಕಿದೆ. ಎರಡೂ ಟೀಮಿನ ಮೊತ್ತ ಸಮ, ಸರ್ವರ್ ಪ್ರಕಾರ ಸಾಧ್ಯತೆ 50-50. ಒಂದು ಟೀಮಿನಲ್ಲಿ 25 ಅಂತ ಕಾಣುವ ಒಬ್ಬ ನಿಜವಾಗಿ 38ರವನು. ಅಡಗಿದ 13 ಅಂಕ ಸೇರಿಸಿದರೆ ಅದು 81-19. ಒಬ್ಬನೇ ಒಬ್ಬನಿಂದ ಒಂಬತ್ತು ಜನರ ಆಟ ಹೋಯಿತು.

ಎರಡನ್ನೂ ಜೋಡಿಸಿದ್ದು

ಇಡೀ ಕೆಲಸದಲ್ಲಿ ನನಗೆ ಬೇಕಾಗಿದ್ದದ್ದು ಇಲ್ಲಿದೆ. ಮೇಲಿನ ಬಿಟ್‌ಗಳನ್ನು ಕೂಡಿಸಿ 'ಇವನು ಅವನೇ' ಅಂತ ತೀರ್ಪು ಕೊಡುವುದನ್ನೇ ಕೈಬಿಟ್ಟೆ. ತೀರ್ಪು ಕೊಟ್ಟರೆ ಒಂದು ಗೆರೆ ಎಳೆಯಬೇಕು, ಗೆರೆ ಎಳೆದರೆ ಅದರ ಆಚೆ ಬಿದ್ದ ತಂಗಿಗೆ ಅಣ್ಣನ ಬ್ಯಾನ್ ತಗಲುತ್ತದೆ. ಅದರ ಬದಲು ಸಾಧ್ಯತೆಯನ್ನು ನೇರವಾಗಿ ರೇಟಿಂಗ್‌ಗೆ ಬೆರೆಸಿದೆ.

ಹೊಸ ಐಡಿ ಹಳೆಯ 38ರವನೇ ಆಗಿರುವ ಸಾಧ್ಯತೆ 90% ಅಂದರೆ, ಹೊಸ ಐಡಿಯ ಶುರುವಿನ ಬಲ 38ರ 90 ಪಾಲು, 25ರ 10 ಪಾಲು, ಒಟ್ಟು 36.7. ಸಾಧ್ಯತೆ 50% ಅಂದರೆ 31.5. ಏನೂ ಹೊಂದದಿದ್ದರೆ ಮಾಮೂಲಿ 25. ಅಲುಗಾಟವನ್ನೂ ಅದೇ ಬೆರಕೆಯ ಸೂತ್ರದಲ್ಲೇ ತೆಗೆಯಬೇಕು: ಎರಡು ಊಹೆಗಳ ಒಳಗಿನ ಅಲುಗಾಟದ ಜೊತೆಗೆ ಆ ಎರಡು ಊಹೆಗಳ ನಡುವಿನ ದೂರವನ್ನೂ ಸೇರಿಸಬೇಕು. 90% ಇದ್ದಾಗ ಅದು 5ರ ಹತ್ತಿರ ಬರುತ್ತದೆ. 50% ಇದ್ದಾಗ 8.9, ಅಂದರೆ ಯಾರಂತ ಗೊತ್ತೇ ಇಲ್ಲದ ಹೊಸಬನಿಗಿಂತ ಹೆಚ್ಚು. ಅದು ಸರಿಯಾಗೇ ಇದೆ. ಅನುಮಾನ ಹೀಗೆ ನಡುವೆ ನಿಂತಾಗ ನಮಗೆ ತಿಳಿದಿರುವುದು ಹೊಸಬನ ಬಗ್ಗೆ ತಿಳಿದಿರುವುದಕ್ಕಿಂತಲೂ ಕಮ್ಮಿ, ರೇಟಿಂಗ್ ಆಗ ಜೋರಾಗಿ ಓಡಾಡಲು ಬಿಡಬೇಕು.

ಸಾಧ್ಯತೆಯನ್ನು ಪ್ರತಿ ಆಟ ಮುಗಿದ ಮೇಲೆ ಮತ್ತೆ ಲೆಕ್ಕ ಹಾಕುತ್ತದೆ. ಅಣ್ಣನ ಫೋನಿನಲ್ಲಿ ತಂಗಿ ಆಡಿದಳು ಅಂದುಕೊಳ್ಳಿ. ಐಪಿ, ಸ್ಕ್ರೀನ್ ಎಲ್ಲ ಹೊಂದುತ್ತದೆ, ಮೊದಲ ಆಟದಲ್ಲಿ ಅವಳನ್ನು ಬಲಶಾಲಿ ಅಂತ ಹಿಡಿದು ಎದುರು ಟೀಮಿಗೆ ಒಳ್ಳೆಯವರನ್ನು ಹಾಕುತ್ತದೆ. ಅವಳ ಹಾಟ್‌ಬಾರ್ ಬೇರೆ, ಓಡುವ ದಿಕ್ಕು ಬೇರೆ, ಬಿಟ್‌ಗಳು ಇಳಿಯುತ್ತವೆ, ಎರಡು ಮೂರು ಆಟದಲ್ಲಿ ಅವಳು ತನ್ನ ಜಾಗಕ್ಕೆ ಬರುತ್ತಾಳೆ. ಅವಳಿಗೆ ಆದ ತೊಂದರೆ ಅಷ್ಟೇ, ಯಾರೂ ಬೈಯಲಿಲ್ಲ, ಯಾರೂ ಹೊರಗೆ ಹಾಕಲಿಲ್ಲ. ಇನ್ನು ಅಣ್ಣನೇ ಹೊಸ ಹೆಸರಲ್ಲಿ ಬಂದಿದ್ದರೆ ಅವನ ಎದುರಿಗೆ ಅವನ ಮಟ್ಟದವರೇ ಬರುತ್ತಾರೆ, ಎರಡನೇ ಐಡಿಯಿಂದ ಅವನಿಗೆ ಸಿಗುವುದು ಹೊಸ ಹೆಸರು ಮಾತ್ರ. ಹೊಸ ಹೆಸರು ಬೇಕು ಅನ್ನಿಸುವುದು ತಪ್ಪಲ್ಲ. ಕೆಲವರು ಹಳೆ ಗೆಳೆಯರ ಕಣ್ಣು ತಪ್ಪಿಸಿ ಸ್ವಲ್ಪ ಹೊತ್ತು ನೆಮ್ಮದಿಯಾಗಿ ಆಡಲು ಬರುತ್ತಾರೆ, ಅವರಿಗೂ ಇದರಲ್ಲಿ ಜಾಗ ಇದೆ.

ಬೇಕಂತಲೇ ಸೋತು ರೇಟಿಂಗ್ ಇಳಿಸಿಕೊಳ್ಳುವವರೂ ಇದ್ದಾರೆ. ಅದಕ್ಕೆ ಜೋಡಿಸುವಾಗ ಹಳೆ ಐಡಿಯ ಈಗಿನ ಬಲ ನೋಡದೆ ಕಳೆದ ಎರಡು ತಿಂಗಳಲ್ಲಿ ಮುಟ್ಟಿದ ಮೇಲಿನ ಬಲ ನೋಡುತ್ತದೆ. ಎರಡೇ ಸಾಲು ಕೋಡ್.

ಹೊಸ ಐಡಿಯ ಮೊದಲ ಕೆಲವು ಆಟಗಳಲ್ಲಿ ಮಾತ್ರ ಒಬ್ಬೊಬ್ಬರ ಆಟವನ್ನೂ ನೋಡುತ್ತೇವೆ: ಹೊಡೆತ ಎಷ್ಟು ಸಲ ತಗಲುತ್ತದೆ, ಬಾವುಟ ಮುಟ್ಟಲು ಎಷ್ಟು ಹೊತ್ತು. ಯಾವಾಗಲೂ ನೋಡಿದರೆ ಆಟವೇ ಕೆಡುತ್ತದೆ, ಎಲ್ಲರೂ ಬಾವುಟ ಬಿಟ್ಟು ಹೊಡೆದಾಟದ ಹಿಂದೆ ಓಡುತ್ತಾರೆ. ಈ ಅಂಕಿಯನ್ನು ಎಲ್ಲೂ ತೋರಿಸುವುದಿಲ್ಲ.

ಟೀಮ್ ಹಂಚುವುದು, ಕತ್ತಿ ಸರಿ ಮಾಡುವುದು

ಹಂಚುವುದು ಸುಲಭ. ಹತ್ತು ಜನರನ್ನು ಐದೈದಾಗಿ ಹಂಚಲು ಇರುವುದು 126 ದಾರಿ, ಹನ್ನೆರಡು ಜನಕ್ಕೆ 462, ಹದಿನಾರಕ್ಕೆ 6,435. ಬುದ್ಧಿವಂತಿಕೆ ಏನೂ ಬೇಡ, ಎಲ್ಲ ಹಂಚಿಕೆಯನ್ನೂ ಲೆಕ್ಕ ಹಾಕಿ 50ಕ್ಕೆ ಹತ್ತಿರ ಇರುವುದನ್ನು ತೆಗೆದುಕೊಂಡರಾಯಿತು. ಒಟ್ಟಿಗೆ ಆಡಬೇಕು ಅನ್ನುವ ಗೆಳೆಯರನ್ನು ಬೇರ್ಪಡಿಸುವ ಹಂಚಿಕೆಗಳನ್ನು ಮೊದಲೇ ತೆಗೆದುಹಾಕುತ್ತದೆ. ಮೊತ್ತ ಸಮ ಇದ್ದರೂ ಒಂದು ಟೀಮಿನಲ್ಲಿ ಒಬ್ಬ ರಾಜ, ನಾಲ್ವರು ಹೊಸಬರು ಆದರೆ ಆ ಹೊಸಬರಿಗೆ ಮಜಾ ಇಲ್ಲ. ಅದಕ್ಕೆ ಎರಡೂ ಟೀಮಿನ ಹರಡುವಿಕೆಯೂ ಹತ್ತಿರ ಇರಲಿ ಅಂತ ಸಣ್ಣ ದಂಡ ಸೇರಿಸಿದೆ.

ಟೀಮ್ ಸಮ ಆದ ಮೇಲೂ ಆಟ ಒಂದೇ ಕಡೆ ವಾಲುತ್ತಿತ್ತು. ಕಾರಣ ಡೈಮಂಡ್ ಕತ್ತಿ. ಮೊದಲ ಬಾವುಟ ಗೆದ್ದವರು ನಡುವಿನ ಗಣಿ ಹಿಡಿದು ಡೈಮಂಡ್ ಮಾಡಿಕೊಂಡರೆ ಮುಗಿಯಿತು. ಅದರ ಹೊಡೆತವನ್ನು 8ರಿಂದ 7ಕ್ಕೆ ಇಳಿಸಿ ಅಂತ ಎಲ್ಲರೂ ಹೇಳಿದರು. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ಆಟಗಾರನ ಜೀವ 20. ರಕ್ಷಾಕವಚ ಇಲ್ಲದಿದ್ದರೆ 8ರ ಕತ್ತಿಗೆ ಮೂರು ಏಟು ಬೇಕು. 7ರ ಕತ್ತಿಗೂ ಮೂರೇ ಏಟು, 21 ಆಯಿತಲ್ಲ. ಇಳಿಸಿದ್ದು ಯಾರಿಗೂ ಗೊತ್ತೂ ಆಗುವುದಿಲ್ಲ. 6ಕ್ಕೆ ಇಳಿಸಿದಾಗ ಮಾತ್ರ ನಾಲ್ಕು ಏಟಾಗುತ್ತದೆ.

ಏಟುಗಳ ನಡುವಿನ ಸಮಯವೂ ಇದೆ. ಪೂರ್ತಿ ಬಲದ ಏಟಿಗೆ ಡೈಮಂಡ್‌ಗೆ 0.7 ಸೆಕೆಂಡ್ ಕಾಯಬೇಕು, ಸ್ಟೀಲಿಗೆ 0.8, ಕಲ್ಲಿನದಕ್ಕೆ 1.2. ಅದಕ್ಕಿಂತ ಬೇಗ ಕ್ಲಿಕ್ ಮಾಡಿದರೆ ಹೊಡೆತ ಅದೇ ಪ್ರಮಾಣದಲ್ಲಿ ಕಮ್ಮಿಯಾಗುತ್ತದೆ. ಮೊದಲ ಏಟು ಬಿದ್ದ ಕ್ಷಣದಿಂದ ಎಣಿಸಿದರೆ ಡೈಮಂಡ್ 1.4 ಸೆಕೆಂಡಿನಲ್ಲಿ ಮುಗಿಸುತ್ತದೆ, 6ರ ಸ್ಟೀಲ್ 2.4ರಲ್ಲಿ, 4ರ ಕಲ್ಲು ಕತ್ತಿ ಐದು ಏಟಿಗೆ 4.8 ಸೆಕೆಂಡ್ ತೆಗೆದುಕೊಳ್ಳುತ್ತದೆ. ಹೊಸಬರ ಕೈಯಲ್ಲಿ ಇರುವುದೇ ಕಲ್ಲು ಕತ್ತಿ. ಮೂರೂವರೆ ಪಟ್ಟು ಅಂತರ, ಯಾವ ರೇಟಿಂಗ್ ಇದನ್ನು ಮುಚ್ಚಲಾರದು. ಡೈಮಂಡನ್ನು 6ಕ್ಕೆ ಇಳಿಸಿ ವೇಗ 0.7ರಲ್ಲೇ ಬಿಟ್ಟೆ, ಈಗ 2.1 ಸೆಕೆಂಡ್, ಸ್ಟೀಲಿಗಿಂತ ಸ್ವಲ್ಪ ಮುಂದೆ. ಸವೆಯದೆ ಜಾಸ್ತಿ ಹೊತ್ತು ಬರುವಂತೆ ಮಾಡಿದ್ದರಿಂದ ಅದನ್ನು ಮಾಡಿಕೊಳ್ಳಲು ಈಗಲೂ ಕಾರಣ ಇದೆ. ಕಲ್ಲು ಕತ್ತಿಯನ್ನು 5ಕ್ಕೆ ಏರಿಸಿ ಕಾಯುವ ಸಮಯ 1.0 ಮಾಡಿದೆ. ನಾಲ್ಕು ಏಟು, 3 ಸೆಕೆಂಡ್. ತಿರುಗಿ ಹೊಡೆಯಲು ಹೊಸಬರಿಗೂ ಈಗ ಅವಕಾಶ ಸಿಗುತ್ತದೆ.

ಸರಿಯಾಗಿ ನಡೆಯುತ್ತಿದೆಯಾ ಅಂತ ನೋಡುವುದಕ್ಕೆ ಒಂದು ಎಚ್ಚರಿಕೆ. ಊಹೆ ಎಷ್ಟು ಸರಿ ಅಂತ ಅಳೆಯಲು ಹವಾಮಾನದವರು ಬಳಸುವ ಬ್ರಿಯರ್ ಅಂಕ ಇದೆ, 1950ರಿಂದ ಬಂದದ್ದು. ಯಾವಾಗಲೂ 50-50 ಅಂದರೆ ಅಂಕ 0.25, ಅದಕ್ಕಿಂತ ಕಮ್ಮಿ ಬಂದಷ್ಟೂ ಒಳ್ಳೆಯದು. ಆದರೆ ಟೀಮ್ ಸಮ ಮಾಡುವುದೇ ನಮ್ಮ ಕೆಲಸ ಆದಮೇಲೆ ಎಲ್ಲ ಊಹೆಯೂ 50ರ ಹತ್ತಿರವೇ ಇರುತ್ತದೆ, ಅಂಕ 0.25ರಲ್ಲೇ ನಿಲ್ಲುತ್ತದೆ, ಅದು ಸೋಲು ಅಂತಲ್ಲ. ಹಾಗಾಗಿ ಸಮ ಮಾಡುವ ಮೊದಲಿನ ಹಳೆ ಆಟಗಳ ಮೇಲೆ ಬ್ರಿಯರ್ ನೋಡಿದೆ. ಈಗಿನ ಆಟಗಳಲ್ಲಿ ಬಾವುಟದ ಅಂತರ ಮತ್ತು ಹೊಸಬರು ಎರಡನೇ ವಾರ ಮತ್ತೆ ಬರುತ್ತಾರಾ ಅನ್ನುವುದನ್ನು ನೋಡುತ್ತೇನೆ. ಅಂತರ ಕಡಿಮೆಯಾಗಿದೆ. ಮತ್ತೆ ಬರುವವರು ಹೆಚ್ಚುತ್ತಿದ್ದಾರೆ. ಪರೀಕ್ಷೆ ಸಮಯ, ಹಾಸನಾಂಬೆ ಜಾತ್ರೆ ಸಮಯ, ಬೇಸಿಗೆ ರಜೆ ಎಲ್ಲ ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕು, ಇಲ್ಲದಿದ್ದರೆ ರಜೆಯ ಗುಂಪನ್ನು ನಮ್ಮ ಕೋಡಿನ ಸಾಧನೆ ಅಂದುಕೊಳ್ಳುತ್ತೇವೆ.

ಒಳಗೆ ಬರುವಾಗ ಕನ್ನಡದಲ್ಲಿ ನಾಲ್ಕು ಸಾಲು ಕಾಣುತ್ತದೆ: ಏನು ಬರೆದಿಡುತ್ತೇವೆ, ಎಷ್ಟು ದಿನ, ಏತಕ್ಕೆ. 'ಈ ಐಡಿ ನನ್ನದಲ್ಲ' ಅಂತ ಒಂದು ಆಜ್ಞೆ ಇದೆ, ಟೈಪ್ ಮಾಡಿದರೆ ಜೋಡಣೆ ಕೂಡಲೇ ಬಿಡುತ್ತದೆ, ಕಾರಣ ಕೇಳುವುದಿಲ್ಲ. ದುರುಪಯೋಗ ಆಗುತ್ತದೆ ಅಂತ ಗೆಳೆಯರೊಬ್ಬರು ಹೇಳಿದರು, ಆಗಲಿ. ಸುಳ್ಳು ಹೇಳಿ ಬಿಡಿಸಿಕೊಂಡವನ ರೇಟಿಂಗ್ ಮೊದಲ ಆಟಗಳಲ್ಲೇ ಮೇಲೆ ಹೋಗುತ್ತದೆ, ಅಷ್ಟಕ್ಕೆ ಹೊಸಬರನ್ನು ವಿಚಾರಣೆ ಮಾಡುವ ಸರ್ವರ್ ಆಗುವುದು ಬೇಡ.

ಮುಂದಿನ ಕೆಲಸ ಟಚ್‌ನಲ್ಲಿ ಆಡುವವರದು. ಲುವಾಂಟಿಯ 5.9 ಆವೃತ್ತಿಯಿಂದ ಯಾರು ಟಚ್‌ನಲ್ಲಿ ಇದ್ದಾರೆ ಅನ್ನುವುದು ಸರ್ವರ್‌ಗೆ ತಿಳಿಯುತ್ತದೆ. ಒಬ್ಬಳೇ ಹುಡುಗಿ ಮನೆಯಲ್ಲಿ ಫೋನ್, ಕಾಲೇಜ್ ಲ್ಯಾಬ್‌ನಲ್ಲಿ ಕೀಬೋರ್ಡ್ ಹಿಡಿದರೆ ಅವಳ ಬಲ ಎರಡು ಬೇರೆ ಬೇರೆ ಸಂಖ್ಯೆ. ಈಗ ಎರಡನ್ನೂ ಒಂದೇ ರೇಟಿಂಗ್‌ನಲ್ಲಿ ಹಾಕುತ್ತಿದ್ದೇವೆ. ಒಂದೇ ಐಡಿಗೆ ಎರಡು ಬಲ ಇಟ್ಟು, ಒಂದು ಏರಿದಾಗ ಇನ್ನೊಂದನ್ನೂ ಸ್ವಲ್ಪ ಏರಿಸುವ ಕೋಡ್ ಬರೆಯುತ್ತಿದ್ದೇನೆ. ಎಷ್ಟು ಏರಿಸಬೇಕು ಅನ್ನುವ ಸಂಖ್ಯೆಯನ್ನು ಎರಡರಲ್ಲೂ ಆಡುವವರ ಹಳೆ ಲಾಗ್‌ನಿಂದ ತೆಗೆಯಬೇಕು. ಆ ಲೆಕ್ಕ ಇನ್ನೂ ಲ್ಯಾಪ್‌ಟಾಪ್‌ನಲ್ಲೇ ಓಡುತ್ತಿದೆ.